ಅಂಕಿತ ಹಾಕದಿದ್ದರೆ ಕಾರಣ ಬರೆಯಲಿ

2025ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಸಾಲ ವಸೂಲಿಯ ಕಿರುಕುಳ ತಡೆಯುವ ಸುಗ್ರೀವಾಜ್ಞೆಯೊಂದನ್ನು ರಾಜಭವನಕ್ಕೆ ಕಳುಹಿಸಿತು. ಮೈಕ್ರೊ ಫೈನಾನ್ಸ್ ಸಾಲದ ವಸೂಲಿಗೆ ಬರುವವರ ಕಾಟ ತಾಳಲಾರದೆ ಜನ ಊರು ಬಿಡುತ್ತಿದ್ದ, ಕೆಲವರು ಜೀವವನ್ನೇ ಕಳೆದುಕೊಳ್ಳುತ್ತಿದ್ದ ಸುದ್ದಿಗಳು ದಿನವೂ ಬರುತ್ತಿದ್ದ ಹೊತ್ತದು. ರಾಜ್ಯಪಾಲ ಥಾವರಚಂದ್ ಗೆಹಲೋತ್ ಅವರು 7ರಂದು ಅದಕ್ಕೆ ಅಂಕಿತ ಹಾಕದೆ ವಾಪಸ್ ಕಳುಹಿಸಿದರು. ಕಾರಣವನ್ನೂ ಬರೆದು ಕಳುಹಿಸಿದರು: ಇಂಥ ಸಂಸ್ಥೆಗಳು ಕೊಡುವ ಸಾಲ ಹೆಚ್ಚೆಂದರೆ 3 ಲಕ್ಷ ರೂಪಾಯಿ ಇರುವಾಗ 5 ಲಕ್ಷ ದಂಡ, 10 ವರ್ಷ ಜೈಲು ಎಂದರೆ ಅಪರಾಧಕ್ಕೂ ಶಿಕ್ಷೆಗೂ ಹೊಂದಿಕೆಯಾಗುವುದಿಲ್ಲ, ವಿಧಾನಮಂಡಲದ ಅಧಿವೇಶನ ಹತ್ತಿರದಲ್ಲೇ ಇದೆ, ಅಲ್ಲಿ ಚರ್ಚೆಯಾಗಲಿ. ಸರ್ಕಾರ ಸ್ಪಷ್ಟನೆ ಕೊಟ್ಟು ಮತ್ತೆ ಕಳುಹಿಸಿತು. 12ರಂದು ಅಂಕಿತ ಬಿತ್ತು. ಮಾರ್ಚ್‌ನಲ್ಲಿ ಅದೇ ವಿಷಯದ ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ರಾಜ್ಯಪಾಲರ ಆಕ್ಷೇಪ ಸರಿಯೋ ತಪ್ಪೋ ಎಂಬ ಬಗ್ಗೆ ಎರಡು ಅಭಿಪ್ರಾಯಗಳಿರಬಹುದು. ಆದರೆ ಆಕ್ಷೇಪ ಏನು ಎಂಬುದು ಮಾರನೆಯ ದಿನಕ್ಕೆಲ್ಲ ನಾಡಿಗೆ ಗೊತ್ತಾಗಿತ್ತು. ಗೊತ್ತಿದ್ದ ಆಕ್ಷೇಪಕ್ಕೆ ಸರ್ಕಾರ ಉತ್ತರ ಕೊಟ್ಟಿತು. ಇಡೀ ಪ್ರಕರಣ ಐದು ದಿನಗಳಲ್ಲಿ ಮುಗಿಯಿತು.

ಸಾಂವಿಧಾನಿಕ ಮುಖ್ಯಸ್ಥರ ಅಂಕಿತದ ಅಧಿಕಾರ ಎಂದ ಕೂಡಲೇ ನಮ್ಮಲ್ಲಿ ಚರ್ಚೆ ಎರಡು ಪಂಗಡವಾಗಿ ಒಡೆದುಬಿಡುತ್ತದೆ. ಗೆದ್ದು ಬಂದ ಸರ್ಕಾರದ ಮಸೂದೆಗೆ ಸಹಿ ಹಾಕುವುದಷ್ಟೇ ರಾಷ್ಟ್ರಪತಿ, ರಾಜ್ಯಪಾಲರ ಕೆಲಸ ಎನ್ನುತ್ತಾರೆ ಕೆಲವರು. ಸದನದ ಬಹುಮತ ದಾರಿ ತಪ್ಪಿದಾಗ ತಡೆಯಲು ಯಾರಾದರೂ ಬೇಡವೇ ಎಂದು ಉಳಿದವರು ಕೇಳುತ್ತಾರೆ. ಎರಡರಲ್ಲೂ ನಿಜವಿದೆ. ಆದರೆ ಸ್ವಾತಂತ್ರ್ಯಾನಂತರದ ಅನುಭವವನ್ನು ಕೂಡಿಸಿ ನೋಡಿದರೆ ನಮ್ಮ ಪ್ರಜಾಪ್ರಭುತ್ವಕ್ಕೆ ಪೆಟ್ಟು ಬಿದ್ದಿರುವುದು ಮುಖ್ಯಸ್ಥರು 'ಆಗದು' ಎಂದಾಗಲ್ಲ. ಏನೂ ಹೇಳದೆ ಕಡತವನ್ನು ಇಟ್ಟುಕೊಂಡಾಗ. ಬರೆದ ಆಕ್ಷೇಪಕ್ಕೆ ಸದನ ಉತ್ತರಿಸಬಲ್ಲದು, ನ್ಯಾಯಾಲಯ ಅದನ್ನು ಪರಿಶೀಲಿಸಬಲ್ಲದು, ಮತದಾರ ಅದನ್ನು ತೂಗಿ ನೋಡಬಲ್ಲ. ಮೌನದ ವಿಷಯದಲ್ಲಿ ಈ ಮೂರೂ ಸಾಧ್ಯವಿಲ್ಲ. ಆದ್ದರಿಂದ ಅಂಕಿತ ನಿರಾಕರಿಸುವ ಅಧಿಕಾರ ಉಳಿಯಲಿ, ಆದರೆ ಕಾಲಮಿತಿಯೊಳಗೆ, ಕಾರಣ ಬರೆದು, ಸದನಕ್ಕೆ ತಿಳಿಸಿಯೇ ಅದು ಚಲಾವಣೆಯಾಗಬೇಕು. ಇದನ್ನು ಸಂವಿಧಾನದಲ್ಲೇ ಬರೆಯಬೇಕು ಎಂಬುದು ನನ್ನ ವಾದ.

ಮೌನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಕರ್ನಾಟಕಕ್ಕೆ ಹಳೆಯ ಪಾಠ. 1983ರಲ್ಲಿ ಅಧಿಕಾರಕ್ಕೆ ಬಂದ ರಾಮಕೃಷ್ಣ ಹೆಗಡೆ ಅವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆ ಹೊತ್ತಿದ್ದವರು ಅಬ್ದುಲ್ ನಜೀರ್ ಸಾಬ್. ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಎಂದು ಹಳ್ಳಿಗರ ಬಾಯಲ್ಲಿ ಉಳಿದವರು. ಜಿಲ್ಲೆಯ ಆಡಳಿತವನ್ನು ಚುನಾಯಿತ ಪರಿಷತ್ತಿನ ಕೈಗೆ ಕೊಡುವ, ನಾಲ್ಕರಲ್ಲಿ ಒಂದು ಸ್ಥಾನವನ್ನು ಮಹಿಳೆಯರಿಗೆ ಮೀಸಲಿಡುವ ಪಂಚಾಯತ್ ಮಸೂದೆ ಅವರ ಕಾಲದ್ದು. ಅದು ರಾಷ್ಟ್ರಪತಿಗಳ ಅಂಕಿತಕ್ಕಾಗಿ ದೆಹಲಿಗೆ ಹೋಯಿತು. ಅಂಕಿತ ಬಿದ್ದದ್ದು 1985ರಲ್ಲಿ. ದಾಖಲೆಯಲ್ಲಿ ಆ ವಿಳಂಬದ ಗುರುತು ಇಂದಿಗೂ ಇದೆ: ಕಾಯ್ದೆಯ ಹೆಸರಿನಲ್ಲಿರುವ ಇಸವಿ 1983, ಅದಕ್ಕೆ ಕೊಟ್ಟ ಸಂಖ್ಯೆ 1985ರ 20. ಹೊಸ ವ್ಯವಸ್ಥೆಯ ಮೊದಲ ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮಾರನೆಯ ವರ್ಷವೇ ನಜೀರ್ ಸಾಬ್ ತೀರಿಕೊಂಡರು. ದೇಶದ ಪಂಚಾಯತ್ ವ್ಯವಸ್ಥೆಗೆ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು 1992ರಲ್ಲಿ. ಅದಕ್ಕೆ ದಾರಿ ತೋರಿಸಿದ ರಾಜ್ಯಗಳಲ್ಲಿ ಕರ್ನಾಟಕದ ಹೆಸರು ಮುಂಚೂಣಿಯಲ್ಲಿದೆ. ಇಷ್ಟು ಮಹತ್ವದ ಶಾಸನ, ತಾನು ಯಾವ ಸದನದಲ್ಲಿ ಹುಟ್ಟಿತೋ ಆ ಸದನಕ್ಕೆ ಏನೂ ಮಾಡಲಾಗದ ಕಡೆ ಕಾದು ಕುಳಿತಿತ್ತು ಎಂಬುದನ್ನು ನೆನೆದಾಗ ಈಗಲೂ ಬೇಸರವಾಗುತ್ತದೆ. ಎರಡು ವರ್ಷ ಮೊದಲೇ ಹಳ್ಳಿಯ ಹೆಣ್ಣುಮಕ್ಕಳು ಮಂಡಲ ಪಂಚಾಯತಿಯ ಸಭೆಯಲ್ಲಿ ಕುಳಿತಿರಬಹುದಿತ್ತು.

ಈ ವಿಳಂಬಕ್ಕೆ ಸಂವಿಧಾನದ ಅಕ್ಷರಗಳೇ ಎಡೆ ಮಾಡಿಕೊಟ್ಟಿವೆ. ಸಂಸತ್ತಿನ ಮಸೂದೆಗೆ ರಾಷ್ಟ್ರಪತಿಗಳ ಅಂಕಿತದ ಬಗ್ಗೆ ಹೇಳುವುದು 111ನೇ ವಿಧಿ. ರಾಜ್ಯಪಾಲರಿಗೆ ಸಂಬಂಧಿಸಿದ್ದು 200. ರಾಜ್ಯದ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗಳ ಪರಿಗಣನೆಗೆ ಕಾಯ್ದಿರಿಸಿದ ಮೇಲೆ ಏನಾಗಬೇಕು ಎಂಬುದು 201. ಸಂವಿಧಾನದ ಕರಡಿನಲ್ಲಿ ಮಸೂದೆಯನ್ನು ಮರುಪರಿಶೀಲನೆಗೆ ಕಳುಹಿಸಲು ರಾಷ್ಟ್ರಪತಿಗೆ ಆರು ವಾರಗಳ ಗಡುವಿತ್ತು. 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಆ ವಿಧಿ ಚರ್ಚೆಗೆ ಬಂದಾಗ ಗಡುವನ್ನು ತೆಗೆದು 'ಸಾಧ್ಯವಾದಷ್ಟು ಬೇಗ' ಎಂದು ಬದಲಿಸುವ ತಿದ್ದುಪಡಿಯನ್ನು ಡಾ. ಬಿ.ಆರ್. ಅಂಬೇಡ್ಕರ್ ಮಂಡಿಸಿದರು. ವಿರೋಧಿಸಿ ಎದ್ದು ನಿಂತವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಅಳತೆಗೆ ಸಿಗದ ಇಂಥ ಮಾತಿಗಿಂತ ಎಣಿಸಬಹುದಾದ ದಿನಗಳೇ ಮೇಲು ಎಂಬುದು ಅವರ ನಿಲುವಾಗಿತ್ತು. ಸಭೆ ಅಂಬೇಡ್ಕರ್ ಅವರ ತಿದ್ದುಪಡಿಯನ್ನು ಒಪ್ಪಿತು. ಮುಂದೆ ಆ ಸ್ಥಾನಗಳಲ್ಲಿ ಕೂರುವವರು ಸಂವಿಧಾನದ ಮರ್ಯಾದೆ ಅರಿತವರಾಗಿರುತ್ತಾರೆ ಎಂಬ ನಂಬಿಕೆ ಆ ಪೀಳಿಗೆಗೆ ಇತ್ತು. ಅದಕ್ಕಾಗಿ ಅವರನ್ನು ದೂರಲಾಗದು. ಬ್ರಿಟಿಷರ 1935ರ ಕಾಯ್ದೆಯಲ್ಲಿ ಗವರ್ನರ್ ತಮ್ಮ ವಿವೇಚನೆಯಂತೆ ಮಸೂದೆಯ ಹಣೆಬರಹ ನಿರ್ಧರಿಸಬಹುದಿತ್ತು. 'ವಿವೇಚನೆ' ಎಂಬ ಆ ಮಾತನ್ನು ನಮ್ಮ 200ನೇ ವಿಧಿಯಲ್ಲಿ ಸೇರಿಸಲಿಲ್ಲ. ಅಂದರೆ ಸಂವಿಧಾನ ರಚಿಸಿದವರು ಬಯಸಿದ್ದು ಏನೆಂಬುದರಲ್ಲಿ ಗೊಂದಲವಿಲ್ಲ. ಬಯಕೆಯನ್ನು ಗಡುವಿನಿಂದ ಭದ್ರಪಡಿಸದೆ ಬಿಟ್ಟದ್ದರಿಂದ ಕಾಮತ್ ಅವರ ಅಂದಿನ ಆತಂಕವೇ ಇಂದು ಮೊಕದ್ದಮೆಗಳಾಗಿ ನ್ಯಾಯಾಲಯದ ಮುಂದೆ ನಿಂತಿದೆ.

201ನೇ ವಿಧಿಯನ್ನಂತೂ ಬಿಡಿಸಿ ಓದಬೇಕು. ರಾಷ್ಟ್ರಪತಿಗಳು ಮಸೂದೆಯನ್ನು ರಾಜ್ಯದ ಸದನಕ್ಕೆ ಮರಳಿಸಲು ಸೂಚಿಸಿದರೆ, ಸಂದೇಶ ತಲುಪಿದ ಆರು ತಿಂಗಳೊಳಗೆ ಸದನ ಅದನ್ನು ಮರುಪರಿಶೀಲಿಸಬೇಕು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಮತ್ತೆ ಅಂಗೀಕರಿಸಿದರೆ ಮಸೂದೆ ಇನ್ನೊಮ್ಮೆ ರಾಷ್ಟ್ರಪತಿಗಳ ಮುಂದೆ ಹೋಗುತ್ತದೆ. ಅಲ್ಲಿಗೆ ವಿಧಿ ಮುಗಿಯುತ್ತದೆ. ಅವರು ಎಷ್ಟು ದಿನದಲ್ಲಿ ನಿರ್ಧರಿಸಬೇಕು, ಎರಡನೆಯ ಸಲವೂ ಬೇಡವೆನ್ನಬಹುದೇ, ಬೇಡವೆಂದರೆ ಕಾರಣ ಹೇಳಬೇಕೇ ಎಂಬ ಪ್ರಶ್ನೆಗಳಿಗೆ ಒಂದಕ್ಷರವಿಲ್ಲ. ಜನರು ಆರಿಸಿ ಕಳುಹಿಸಿದ ಸದನಕ್ಕೆ ಆರು ತಿಂಗಳ ಗಡುವು, ಅದರ ನಿರ್ಣಯವನ್ನು ಪರಿಶೀಲಿಸುವ ಕಚೇರಿಗೆ ಗಡುವೇ ಇಲ್ಲ. ರಾಷ್ಟ್ರಪತಿಗಳು ಕೇಂದ್ರ ಸಚಿವ ಸಂಪುಟದ ಸಲಹೆಯಂತೆ ನಡೆಯುವವರಾದ್ದರಿಂದ 'ರಾಷ್ಟ್ರಪತಿಗಳ ಪರಿಗಣನೆ' ಎಂದರೆ ಕಾರ್ಯತಃ ಕೇಂದ್ರ ಗೃಹ ಸಚಿವಾಲಯದ ಪರಿಗಣನೆ. ರಾಜ್ಯದಲ್ಲೊಂದು ಪಕ್ಷ, ಕೇಂದ್ರದಲ್ಲೊಂದು ಪಕ್ಷ ಇದ್ದಾಗ ಈ ದಾರಿಯಲ್ಲಿ ಮಸೂದೆ ಕಳುಹಿಸಿದರೆ ಅದಕ್ಕೆ ಏನಾಗಬಹುದು ಎಂದು ಊಹಿಸಲು ಕಷ್ಟಪಡಬೇಕಿಲ್ಲ.

ತಮಿಳುನಾಡಿನ ಹತ್ತು ಮಸೂದೆಗಳ ಕಥೆ ಇದನ್ನೇ ಹೇಳುತ್ತದೆ. ಅವುಗಳಲ್ಲಿ ಕೆಲವು 2020ರಿಂದಲೇ ಕಾದಿದ್ದವು. ರಾಜ್ಯ ಸರ್ಕಾರ 2023ರ ಅಕ್ಟೋಬರ್ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, ನವೆಂಬರ್ 13ರಂದು ರಾಜ್ಯಪಾಲ ಆರ್.ಎನ್. ರವಿ ಹತ್ತಕ್ಕೂ ಅಂಕಿತ ತಡೆಹಿಡಿದರು. ವಿಧಾನಸಭೆ 18ರಂದು ವಿಶೇಷ ಅಧಿವೇಶನದಲ್ಲಿ ಅವನ್ನೆಲ್ಲ ಮತ್ತೆ ಅಂಗೀಕರಿಸಿತು. ಎರಡನೆಯ ಸಲ ಅಂಗೀಕಾರವಾಗಿ ಬಂದ ಮಸೂದೆಗೆ ರಾಜ್ಯಪಾಲರು ಅಂಕಿತ ತಡೆಹಿಡಿಯಬಾರದು ಎಂದು 200ನೇ ವಿಧಿ ಹೇಳುತ್ತದೆ. ಅದೇ ತಿಂಗಳ 28ರಂದು ರಾಜ್ಯಪಾಲರು ಹತ್ತನ್ನೂ ರಾಷ್ಟ್ರಪತಿಗಳಿಗೆ ಕಳುಹಿಸಿದರು. ವರ್ಷಗಟ್ಟಲೆ ಮಾತಾಡದ ಕಚೇರಿ ಹದಿನೈದೇ ದಿನದಲ್ಲಿ ಎರಡು ಬಗೆಯ ನಿರ್ಧಾರ ತೆಗೆದುಕೊಂಡಿತ್ತು. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹಾದೇವನ್ ಅವರ ಪೀಠ 2025ರ ಏಪ್ರಿಲ್ 8ರಂದು ಇದನ್ನು ಕಾನೂನುಬಾಹಿರವೆಂದು ಘೋಷಿಸಿತು. ತನ್ನ ವಿಶೇಷಾಧಿಕಾರ ಬಳಸಿ ಹತ್ತಕ್ಕೂ ಅಂಕಿತ ಬಿದ್ದಂತೆಯೇ ಎಂದಿತು. ರಾಜ್ಯಪಾಲರಿಗೆ, ರಾಷ್ಟ್ರಪತಿಗಳಿಗೆ ಗಡುವನ್ನೂ ನಿಗದಿ ಮಾಡಿತು. ಮೇ ತಿಂಗಳಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಹದಿನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ನವೆಂಬರ್ 20ರಂದು ಉತ್ತರ ಕೊಟ್ಟಿತು: ಸಂವಿಧಾನದಲ್ಲಿ ಇಲ್ಲದ ಗಡುವನ್ನು ನ್ಯಾಯಾಲಯ ವಿಧಿಸಲಾಗದು, ಅಂಕಿತ ಬಿದ್ದಂತೆ ಎಂದು ಭಾವಿಸಲೂ ಆಗದು. ಆದರೆ ರಾಜ್ಯಪಾಲರು ಮಸೂದೆಯನ್ನು ಸದನಕ್ಕೆ ಮರಳಿಸದೆ ಸುಮ್ಮನೆ ತಡೆಹಿಡಿಯುವಂತಿಲ್ಲ. ಕಾರಣವಿಲ್ಲದೆ ದೀರ್ಘಕಾಲ ಕೈಕಟ್ಟಿ ಕುಳಿತರೆ, ಮಸೂದೆಯ ಒಳಿತು ಕೆಡುಕಿಗೆ ಹೋಗದೆ, ನಿರ್ಧಾರ ತೆಗೆದುಕೊಳ್ಳಿ ಎಂದಷ್ಟೇ ನ್ಯಾಯಾಲಯ ಹೇಳಬಹುದು.

ಈ ಅಭಿಪ್ರಾಯದಿಂದ ಹಲವರಿಗೆ ನಿರಾಸೆಯಾಯಿತು. ಗಡುವು ನ್ಯಾಯಾಲಯದ ಲೇಖನಿಯಿಂದ ಬರಬಾರದು ಎಂಬ ಮಟ್ಟಿಗೆ ಸಂವಿಧಾನ ಪೀಠದ ಮಾತು ಸರಿ ಎಂದೇ ನಾನು ಭಾವಿಸುತ್ತೇನೆ. ಸಂವಿಧಾನ ರಚನಾ ಸಭೆ ಗಡುವಿನ ಪ್ರಸ್ತಾವವನ್ನು ಕಣ್ಣೆದುರು ಇಟ್ಟುಕೊಂಡು, ಚರ್ಚಿಸಿ, ಕೈಬಿಟ್ಟದ್ದು. ಅದನ್ನು ವಾಪಸ್ ತರುವುದಾದರೆ ಸಂವಿಧಾನ ತಿದ್ದುವ ಅಧಿಕಾರ ಇರುವವರೇ ತರಬೇಕು. ಆದರೆ ಈಗ ಉಳಿದಿರುವ ಪರಿಹಾರ ತೀರಾ ದುಬಾರಿ. ಪ್ರತಿ ಮಸೂದೆಗೂ ಎಷ್ಟು ತಿಂಗಳಾದರೆ 'ದೀರ್ಘಕಾಲ' ಎಂದು ರಾಜ್ಯ ಸರ್ಕಾರ ದೆಹಲಿಗೆ ಹೋಗಿ ವಾದಿಸಬೇಕು. ಗೆದ್ದರೂ ಸಿಗುವುದು ನಿರ್ಧಾರ ತೆಗೆದುಕೊಳ್ಳಿ ಎಂಬ ಆದೇಶವಷ್ಟೇ. ಆಮೇಲೆ ಮಸೂದೆ ರಾಷ್ಟ್ರಪತಿಗಳತ್ತ ಹೊರಟರೆ ಮತ್ತೊಂದು ಕಾಯುವಿಕೆ ಶುರು.

ಗಡುವಿನ ವಿರುದ್ಧ ಇರುವ ಅತ್ಯಂತ ಬಲವಾದ ಆಕ್ಷೇಪಕ್ಕೆ ಈಗ ಬರೋಣ. ಮೌನದಿಂದ ದೇಶಕ್ಕೆ ಒಳ್ಳೆಯದೂ ಆಗಿದೆಯಲ್ಲ ಎಂಬುದು ಆ ಆಕ್ಷೇಪ. ಅದಕ್ಕೆ ಕೊಡುವ ಉದಾಹರಣೆ 1986ರ ಅಂಚೆ ತಿದ್ದುಪಡಿ ಮಸೂದೆ. ಜನರ ಕಾಗದಪತ್ರಗಳನ್ನು ತಡೆದು ತೆರೆದು ನೋಡುವ ಸರ್ಕಾರದ ಅಧಿಕಾರವನ್ನು ಹಿಗ್ಗಿಸುವ ಮಸೂದೆ ಅದು. ರಾಜೀವ್ ಗಾಂಧಿ ಅವರ ಸರ್ಕಾರಕ್ಕೆ ಲೋಕಸಭೆಯಲ್ಲಿ ಇದ್ದ ಬಹುಮತ ಹಿಂದೆಂದೂ ಯಾರಿಗೂ ಸಿಗದಷ್ಟು ದೊಡ್ಡದು; ಮಸೂದೆ ಸಲೀಸಾಗಿ ಅಂಗೀಕಾರವಾಯಿತು. ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅಂಕಿತ ಹಾಕಲಿಲ್ಲ, ಮರಳಿಸಲೂ ಇಲ್ಲ. ಪಾಕೆಟ್ ವೀಟೊ ಎಂಬ ಹೆಸರಿನಲ್ಲಿ ರಾಜ್ಯಶಾಸ್ತ್ರದ ಪಠ್ಯದಲ್ಲೆಲ್ಲ ಇದು ಬರುತ್ತದೆ. ಪತ್ರ ತೆರೆಯುವ ಕೈಯನ್ನು ಅವರ ಮೌನ ತಡೆಯಿತು, ನಿಜ. ಆ ಹೊತ್ತಿನಲ್ಲಿ ಅದು ನಾಗರಿಕರಿಗೆ ಆಸರೆಯೇ ಆಯಿತು.

ಆದರೆ ಆ ಕಥೆಗೆ ಉತ್ತರಾರ್ಧವೂ ಇದೆ. ಜೈಲ್ ಸಿಂಗ್ ಅವರ ಉತ್ತರಾಧಿಕಾರಿ ಆರ್. ವೆಂಕಟರಾಮನ್ 1990ರಲ್ಲಿ ಆ ಮಸೂದೆಯನ್ನು ಮರುಪರಿಶೀಲನೆಗೆ ಕಳುಹಿಸಿದರು. ಅದು ಇತ್ಯರ್ಥವಾಗದೆ ಬಿದ್ದಿತ್ತು. 2002ರಲ್ಲಿ ಸರ್ಕಾರ ಹಿಂದಕ್ಕೆ ಪಡೆಯಿತು. ಇಷ್ಟೂ ವರ್ಷ 1898ರ ಅಂಚೆ ಕಾಯ್ದೆಯಲ್ಲಿದ್ದ ತಡೆದು ನೋಡುವ ಹಳೆಯ ಅಧಿಕಾರ ಹಾಗೆಯೇ ಇತ್ತು. ಯಾವ ಕಾರಣಕ್ಕೆ ಪತ್ರ ತೆರೆಯಬಹುದು, ಅಪ್ಪಣೆ ಯಾರು ಕೊಡಬೇಕು, ಪರಿಶೀಲನೆ ಯಾರು ಮಾಡಬೇಕು ಎಂದು ರಾಷ್ಟ್ರಪತಿ ಭವನ ಮೊದಲೇ ಬರೆದು ಕೇಳಿದ್ದರೆ ಸಂಸತ್ತು ಏನಾದರೊಂದು ಉತ್ತರ ಕೊಡಲೇಬೇಕಿತ್ತು. ಆ ಉತ್ತರ ದಾಖಲೆಯಾಗಿ ಉಳಿಯುತ್ತಿತ್ತು. ಸಕಾಲದಲ್ಲಿ ಕೇಳದ ಪ್ರಶ್ನೆಗೆ ಉತ್ತರ ಹುಟ್ಟಲಿಲ್ಲ. 2023ರ ಡಿಸೆಂಬರ್‌ನಲ್ಲಿ, ವಿರೋಧ ಪಕ್ಷಗಳ ಹತ್ತಾರು ಸಂಸದರು ಅಮಾನತಾಗಿದ್ದ ಅಧಿವೇಶನದಲ್ಲಿ, ಹೊಸ ಅಂಚೆ ಕಚೇರಿ ಕಾಯ್ದೆ ಅಂಗೀಕಾರವಾಯಿತು. ರಾಜ್ಯದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆಯಿಂದ ಹಿಡಿದು ಯಾವುದೇ ಕಾನೂನಿನ ಉಲ್ಲಂಘನೆಯವರೆಗೆ ಹಲವು ಕಾರಣಗಳಿಗೆ ಅಂಚೆಯ ವಸ್ತುವನ್ನು ತಡೆದು ತೆರೆಯಲು ಅಧಿಕಾರಿಗಳಿಗೆ ಅಧಿಕಾರ ಕೊಡಬಹುದು ಎಂದು ಅದರ 9ನೇ ಸೆಕ್ಷನ್ ಹೇಳುತ್ತದೆ. ಅದೇ ತಿಂಗಳಲ್ಲಿ ಅಂಕಿತವೂ ಬಿತ್ತು. ಮೌನ ಒಂದು ಮಸೂದೆಯನ್ನು ತಡೆಯಿತು. ಆ ಮಸೂದೆಯ ಹಿಂದಿದ್ದ ಆಲೋಚನೆಯ ಜೊತೆ ದೇಶ ವಾದಕ್ಕೆ ಇಳಿಯುವ ಅವಕಾಶವನ್ನೂ ತಡೆಯಿತು.

ಇದಕ್ಕೆ ಎದುರಾಗಿ ಎ.ಪಿ.ಜೆ. ಅಬ್ದುಲ್ ಕಲಾಂ 2006ರಲ್ಲಿ ಮಾಡಿದ್ದನ್ನು ಇಟ್ಟು ನೋಡಿ. ಲಾಭದಾಯಕ ಹುದ್ದೆ ಹೊಂದಿದ ಸಂಸದರು ಅನರ್ಹರಾಗದಂತೆ ಹುದ್ದೆಗಳ ಪಟ್ಟಿಯನ್ನು ಹಿಂದಿನಿಂದಲೇ ಅನ್ವಯವಾಗುವಂತೆ ಉದ್ದ ಮಾಡುವ ಮಸೂದೆ ಅವರ ಮುಂದೆ ಬಂತು. ಎಲ್ಲ ರಾಜ್ಯಗಳಿಗೂ ಒಪ್ಪುವ, ನ್ಯಾಯಯುತವಾದ ಸಾಮಾನ್ಯ ಮಾನದಂಡ ಇರಬೇಡವೇ ಎಂದು ಕೇಳಿ ಅವರು ಮೇ 30ರಂದು ಅದನ್ನು ಸಂಸತ್ತಿಗೆ ಮರಳಿಸಿದರು. ಎರಡೂ ಸದನಗಳು ಮಸೂದೆಯನ್ನು ಇದ್ದಂತೆಯೇ ಮತ್ತೆ ಅಂಗೀಕರಿಸಿದವು. ಆಗಸ್ಟ್ 18ರಂದು ಕಲಾಂ ಸಹಿ ಹಾಕಿದರು. ಮೇಲುನೋಟಕ್ಕೆ ಅವರು ಸೋತರು. ಆದರೆ ಅವರ ಪ್ರಶ್ನೆ ಸದನದಲ್ಲಿ ಚರ್ಚೆಯಾಯಿತು, ಲಾಭದಾಯಕ ಹುದ್ದೆಯ ವ್ಯಾಖ್ಯಾನವನ್ನು ಪರಿಶೀಲಿಸಲು ಜಂಟಿ ಸಂಸದೀಯ ಸಮಿತಿ ರಚನೆಯಾಯಿತು, ಬಹುಮತದ ಬಲದಿಂದ ಯಾರು ಏನು ಮಾಡಿದರು ಎಂಬುದು ದೇಶಕ್ಕೆ ತಿಳಿಯಿತು. ಜನರ ನೇರ ಮತದಿಂದ ಆರಿಸಿ ಬರದ ಸ್ಥಾನವೊಂದು ಪ್ರಜಾಪ್ರಭುತ್ವದಲ್ಲಿ ಇಷ್ಟನ್ನು ಮಾಡಬಹುದು, ಇಷ್ಟನ್ನು ಮಾಡಬೇಕು ಕೂಡ.

ರಾಜ್ಯಗಳ ಮಸೂದೆ ಕೇಂದ್ರದ ಕಾನೂನಿಗೋ ಸಂವಿಧಾನಕ್ಕೋ ವಿರುದ್ಧವಾಗಿದ್ದರೆ ರಾಜ್ಯಪಾಲರು ತಡೆಯಬೇಡವೇ ಎಂಬ ಇನ್ನೊಂದು ಆಕ್ಷೇಪವಿದೆ. ತಡೆಯುವುದಕ್ಕಿಂತ ಕಾಯ್ದಿರಿಸುವುದು ಸರಿಯಾದ ದಾರಿ, ಮತ್ತು ಅದಕ್ಕೂ ಕರ್ನಾಟಕದ್ದೇ ನಿದರ್ಶನವಿದೆ. ಮೀಸಲಾತಿಯಲ್ಲಿ ಬಡ್ತಿ ಪಡೆದ ನೌಕರರಿಗೆ ಜ್ಯೇಷ್ಠತೆ ಕೊಡುವ 2002ರ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಬಿ.ಕೆ. ಪವಿತ್ರಾ ಪ್ರಕರಣದಲ್ಲಿ 2017ರ ಫೆಬ್ರುವರಿಯಲ್ಲಿ ಅಸಿಂಧುಗೊಳಿಸಿತು. ರಾಜ್ಯ ಸರ್ಕಾರ ಅಂಕಿಅಂಶ ಸಂಗ್ರಹಿಸಿ ಅದೇ ವರ್ಷ ಹೊಸ ಮಸೂದೆ ತಂದಿತು. ನ್ಯಾಯಾಲಯ ಆಗಷ್ಟೇ ತೀರ್ಪು ಕೊಟ್ಟ ವಿಷಯವಾದ್ದರಿಂದ ರಾಜ್ಯಪಾಲ ವಜುಭಾಯಿ ವಾಲಾ ಡಿಸೆಂಬರ್‌ನಲ್ಲಿ ಅದನ್ನು ರಾಷ್ಟ್ರಪತಿಗಳಿಗೆ ಕಾಯ್ದಿರಿಸಿದ್ದರಲ್ಲಿ ತಪ್ಪೇನಿರಲಿಲ್ಲ. 2018ರ ಜೂನ್‌ನಲ್ಲಿ ಅಂಕಿತ ಬಂತು. 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೊಸ ಕಾಯ್ದೆಯನ್ನು ಎತ್ತಿಹಿಡಿಯಿತು. ಇಷ್ಟು ಜಟಿಲವಾದ, ಇಷ್ಟು ಕಾವಿನ ವಿಷಯವನ್ನು ದೆಹಲಿ ಆರು ತಿಂಗಳ ಆಸುಪಾಸಿನಲ್ಲಿ ಮುಗಿಸಿತು. ಗಡುವು ಹಾಕಿದರೆ ಆಳವಾದ ಪರಿಶೀಲನೆ ಆಗುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು. ಸಂವಿಧಾನಬದ್ಧವೋ ಅಲ್ಲವೋ ಎಂಬ ಕೊನೆಯ ಮಾತು ಹೇಗೂ ನ್ಯಾಯಾಲಯದ್ದೇ. ರಾಜಭವನದಲ್ಲಿ ಕಡತ ಕುಳಿತಷ್ಟು ದಿನ ನ್ಯಾಯಾಲಯಕ್ಕೂ ಅದನ್ನು ಪರೀಕ್ಷಿಸುವ ಅವಕಾಶವಿಲ್ಲ.

ಬೇರೆ ದೇಶಗಳು ಈ ಸಮಸ್ಯೆಗೆ ಪರಿಹಾರವನ್ನು ಎಂದೋ ಕಂಡುಕೊಂಡಿವೆ. ಬ್ರಿಟನ್ನಿನಲ್ಲಿ ದೊರೆ ಮಸೂದೆಗೆ ಅಂಕಿತ ನಿರಾಕರಿಸಿದ್ದು 1708ರಲ್ಲಿ ರಾಣಿ ಆ್ಯನ್ ಕಾಲದಲ್ಲೇ ಕೊನೆ. ಅಮೆರಿಕದ ಅಧ್ಯಕ್ಷರಿಗೆ ನಿಜವಾದ ನಿರಾಕರಣೆಯ ಅಧಿಕಾರವಿದೆ, ಆದರೆ ಭಾನುವಾರ ಬಿಟ್ಟು ಹತ್ತು ದಿನದೊಳಗೆ ಚಲಾಯಿಸಬೇಕು. ಆಕ್ಷೇಪವನ್ನು ಬರೆದು ಮಸೂದೆ ಹುಟ್ಟಿದ ಸದನಕ್ಕೆ ಕಳುಹಿಸಬೇಕು, ಆ ಸದನ ಆಕ್ಷೇಪವನ್ನು ಪೂರ್ತಿಯಾಗಿ ತನ್ನ ನಡಾವಳಿಯಲ್ಲಿ ದಾಖಲಿಸಬೇಕು ಎಂದು ಅಲ್ಲಿನ ಸಂವಿಧಾನವೇ ಹೇಳುತ್ತದೆ. ಹತ್ತು ದಿನ ಸುಮ್ಮನಿದ್ದರೆ ಸಹಿ ಇಲ್ಲದೆಯೇ ಮಸೂದೆ ಕಾನೂನಾಗುತ್ತದೆ. ಅಷ್ಟರೊಳಗೆ ಕಾಂಗ್ರೆಸ್ ಕಲಾಪ ಮುಗಿಸಿ ಚದುರಿದ್ದರೆ ಮಾತ್ರ ಬಿದ್ದುಹೋಗುತ್ತದೆ. ನಮ್ಮ ಸಂವಿಧಾನ ಹಲವು ವಿಷಯಗಳಲ್ಲಿ ಅನುಸರಿಸಿದ ಐರ್ಲೆಂಡಿನಲ್ಲಿ ಅಧ್ಯಕ್ಷರು ಸಾಮಾನ್ಯವಾಗಿ ಏಳನೆಯ ದಿನದೊಳಗೆ ಸಹಿ ಹಾಕಬೇಕು. ಮಸೂದೆ ಸಂವಿಧಾನಕ್ಕೆ ವಿರುದ್ಧ ಎನಿಸಿದರೆ ಸುಪ್ರೀಂ ಕೋರ್ಟಿಗೆ ಕಳುಹಿಸಬಹುದು. ನ್ಯಾಯಾಲಯಕ್ಕೂ 60 ದಿನದ ಗಡುವಿದೆ. ಆ ದೇಶಗಳಲ್ಲಿ ಮುಖ್ಯಸ್ಥರ ಘನತೆ ಇದರಿಂದ ಕುಂದಿದಂತೆ ಕಾಣುವುದಿಲ್ಲ.

ನಮ್ಮಲ್ಲೂ ಸಂಸತ್ತು ಮನಸ್ಸು ಮಾಡಿದಾಗ ಅಂಕಿತದ ವಿಧಿಯನ್ನು ತಿದ್ದಿದೆ. 1971ರ 24ನೇ ತಿದ್ದುಪಡಿ, ಸಂವಿಧಾನ ತಿದ್ದುಪಡಿ ಮಸೂದೆಗಳಿಗೆ ರಾಷ್ಟ್ರಪತಿಗಳು ಅಂಕಿತ ಹಾಕಲೇಬೇಕು ಎಂದು ಮಾಡಿತು. ಸಂವಿಧಾನವನ್ನೇ ತಿದ್ದುವ ಮಸೂದೆಗೆ ಇಷ್ಟು ಕಟ್ಟುನಿಟ್ಟು ಸಾಧ್ಯವಾದರೆ, ವಿಶ್ವವಿದ್ಯಾಲಯದ ಕುಲಪತಿ ಯಾರಾಗಬೇಕು ಎಂಬಂಥ ರಾಜ್ಯದ ಮಸೂದೆಗೆ ಒಂದು ಗಡುವು ಹಾಕುವುದು ಕ್ರಾಂತಿಯೇನಲ್ಲ. ಸರ್ಕಾರಿಯಾ ಆಯೋಗ, ಆಮೇಲೆ 2010ರಲ್ಲಿ ವರದಿ ಕೊಟ್ಟ ಪುಂಛಿ ಆಯೋಗ, ಎರಡೂ ಕಾಲಮಿತಿ ಬೇಕೆಂದೇ ಹೇಳಿವೆ. ಪುಂಛಿ ಆಯೋಗ ರಾಜ್ಯಪಾಲರಿಗೆ ಆರು ತಿಂಗಳು ಸಾಕೆಂದಿತ್ತು. ನನ್ನ ದೃಷ್ಟಿಯಲ್ಲಿ ಮೂರು ತಿಂಗಳೇ ಧಾರಾಳ, ಆದರೆ ಸಂಖ್ಯೆಗಾಗಿ ಜಗಳ ಬೇಡ. 200 ಮತ್ತು 201ನೇ ವಿಧಿಗಳು, ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಬೇಕೆಂದು 368ನೇ ವಿಧಿ ಪಟ್ಟಿ ಮಾಡಿರುವ ವಿಧಿಗಳಲ್ಲಿ ಸೇರಿಲ್ಲ. ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತ ಸಾಕು. ಕೇಂದ್ರದಲ್ಲಿ ಆಳುವ ಪಕ್ಷ ತನ್ನ ಕೈಯ ಹಿಡಿತವನ್ನು ತಾನೇ ಏಕೆ ಸಡಿಲಿಸೀತು ಎಂದು ಕೇಳುವವರಿದ್ದಾರೆ. ಇಂದು ದೆಹಲಿಯಲ್ಲಿ ಆಳುವ ಪಕ್ಷ ನಿನ್ನೆ ವಿರೋಧಿಗಳ ರಾಜ್ಯಪಾಲರಿಂದ ನೊಂದದ್ದೇ. ನಾಳೆ ಮತ್ತೆ ನೋಯಬಹುದಾದ್ದೇ. ಅಲ್ಲಿಯವರೆಗೆ ರಾಜ್ಯದ ಸದನಗಳು ತಮ್ಮ ಮಟ್ಟದಲ್ಲಿ ಒಂದು ಕೆಲಸ ಮಾಡಬಹುದು. ಅಂಕಿತ ಬಿದ್ದ ಮಸೂದೆಗಳ ಪಟ್ಟಿಯನ್ನು ಅಧಿವೇಶನದಲ್ಲಿ ಸದನದ ಮುಂದಿಡುವ ವಾಡಿಕೆ ಇದೆ. ಅದರ ಜೊತೆಗೇ ಅಂಕಿತ ಬೀಳದ ಮಸೂದೆಗಳ ಪಟ್ಟಿಯೂ ಬರಲಿ: ಯಾವ ಮಸೂದೆ, ಯಾವ ತಾರೀಕಿಗೆ ಕಳುಹಿಸಿದ್ದು, ಈಗ ಯಾರ ಮೇಜಿನ ಮೇಲಿದೆ, ಬರೆದು ಕೊಟ್ಟ ಕಾರಣವಿದ್ದರೆ ಅದು ಏನು. ಇದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ.